ಹನ್ನೆರಡು ಗೆಣ್ಣಿನ ಪದ

ಕಳೆದ ವರ್ಷ ಮಳೆ ಬಿಡುವ ಹೊತ್ತಿಗೆ ಉಪ್ಪನಿಗೆ ಹೊಟ್ಟೆನೋವು ಜೋರಾಯಿತು. ಊಟ ಮಾಡಿ ಎರಡು ಮೂರು ಗಂಟೆಯಾದ ಮೇಲೆ ಒಮ್ಮೆ, ನಡುರಾತ್ರಿ ಇನ್ನೊಮ್ಮೆ. ಅವರು ಎಂದಿನಂತೆ 'ಗ್ಯಾಸ್' ಎಂದರು. ನಮ್ಮಲ್ಲಿ ಹೊಟ್ಟೆಯ ಯಾವ ನೋವಿಗೂ ಇರುವುದು ಅದೊಂದೇ ಹೆಸರು. ಸೋಡಾ ಕುಡಿದರು, ಜೀರಿಗೆ ನೀರು ಕುಡಿದರು, ಅಂಗಡಿಯಲ್ಲೇ ಇದ್ದ ಗುಳಿಗೆ ನುಂಗಿದರು. ಕೊನೆಗೆ ಅವರ ಅಂಗಿ ಮೈಮೇಲೆ ಸಡಿಲವಾದದ್ದನ್ನು ನೋಡಿ ಉಮ್ಮ ಹಟ ಹಿಡಿದರು. ನಾನು ಉಪ್ಪನನ್ನು ಬಸ್ಸು ಹತ್ತಿಸಿ ಮಂಗಳೂರಿಗೆ ಕರೆದುಕೊಂಡು ಹೋದೆ.

ಡಾಕ್ಟರ್ ಹೊಟ್ಟೆ ಒತ್ತಿ ನೋಡಿದರು. 'ನಾಳೆ ಬೆಳಿಗ್ಗೆ ಸ್ಕೋಪಿ ಮಾಡುವ, ರಾತ್ರಿ 10ರ ಮೇಲೆ ಏನೂ ತಿನ್ನಬಾರದು' ಎಂದರು. ಹೊರಗೆ ಕೌಂಟರಿನಲ್ಲಿ ಒಂದು ಕಾಗದ ಕೊಟ್ಟು ಓದಿ ಸಹಿ ಮಾಡಿ ತನ್ನಿ ಎಂದರು. ಕಾಗದದ ತಲೆಯಲ್ಲಿ ದಪ್ಪ ಅಕ್ಷರದಲ್ಲಿ ಒಂದೇ ಒಂದು ಪದ. ಎಡ ಅಂಚಿನಿಂದ ಹೊರಟು ಹೆಚ್ಚುಕಡಿಮೆ ಬಲ ಅಂಚನ್ನು ಮುಟ್ಟಿತ್ತು.

ಉಪ್ಪ ಅದರ ಮೇಲೆ ಬೆರಳಿಟ್ಟು ಬ್ಯಾರಿಯಲ್ಲಿ ಕೇಳಿದರು: 'ಇದೆಂತ ಮೋನೆ, ರೋಗದ ಹೆಸರಾ? ಇಷ್ಟು ಉದ್ದ?'

ನಾನು ಓದಲು ನೋಡಿದೆ. 'ಓ' ಎಂದು ಶುರುವಾಗಿ, 'ಗೋ' ಬಂದು, ಮತ್ತೆ 'ಗ್ಯಾ' ಬಂದು ನಾಲಿಗೆ ತಡವರಿಸಿತು. 'ಎಂತ ಇಲ್ಲ ಉಪ್ಪಾ, ಒಂದು ಟೆಸ್ಟ್' ಎಂದು ಸಹಿ ಹಾಕಿ, ನಮ್ಮ ಪ್ರತಿಯನ್ನು ಮಡಚಿ ಕಿಸೆಗೆ ಹಾಕಿಕೊಂಡೆ. ಓದಲು ಬಾರದೆ ಮಡಚಿದ್ದು. ಆದರೆ ಅವರು ನಾನು ಏನನ್ನೋ ಅಡಗಿಸುತ್ತಿದ್ದೇನೆ ಎಂದುಕೊಂಡರು. ಅವರ ಅಣ್ಣ ಹೊಟ್ಟೆಯ ಕ್ಯಾನ್ಸರಿನಲ್ಲಿ ತೀರಿಹೋದವರು. ಬಸ್ಸು ತಲಪಾಡಿ ದಾಟಿ ಉಪ್ಪಳ ತಲುಪುವವರೆಗೂ ಉಪ್ಪ ಒಂದು ಮಾತು ಆಡಲಿಲ್ಲ. ಮನೆಗೆ ಬಂದವರೇ ಉಮ್ಮನನ್ನು ಕರೆದು ಸಾಲದ ಪುಸ್ತಕ ಎಲ್ಲಿದೆ, ಯಾರು ಎಷ್ಟು ಕೊಡಬೇಕು ಎಂದು ಹೇಳತೊಡಗಿದರು.

ಪದದ ಉದ್ದ ನೋಡಿ ರೋಗದ ಉದ್ದ ಅಳೆದಿದ್ದರು. ಅದಕ್ಕೆ ಅರ್ಧ ಕಾರಣ ನಾನು. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ನಮ್ಮದು ಜೀನಸು ಅಂಗಡಿ. ಉಪ್ಪ ಕನ್ನಡ ಶಾಲೆಯಲ್ಲಿ ಐದನೆಯವರೆಗೆ ಓದಿದವರು. ಲೆಕ್ಕ ಬರೆಯುವುದು ಕನ್ನಡದಲ್ಲಿ, ಮಾತು ಬ್ಯಾರಿಯಲ್ಲಿ, ಬಸ್ಸಿನ ಬೋರ್ಡು ಓದುವಷ್ಟು ಮಲಯಾಳಂ. ಇಂಗ್ಲಿಷನ್ನು ಅವರು ಕಲಿತದ್ದು ಮೂಟೆ ಮತ್ತು ಪೆಟ್ಟಿಗೆಗಳಿಂದ. ಅಕ್ಷರ ಅಕ್ಷರ ಕೂಡಿಸಿ ದೊಡ್ಡದಾಗಿ ಓದುತ್ತಿದ್ದರು. ನಾನೂ ಕನ್ನಡ ಮಾಧ್ಯಮದವನೇ. ನಮ್ಮ ಮನೆಮಾತಿನಲ್ಲಿ ಳ ಮತ್ತು ಲ ಎರಡಕ್ಕೂ ಒಂದೇ ನಾಲಿಗೆ, ಣ ಮತ್ತು ನ ಕೂಡ ಹಾಗೆಯೇ. 'ಹಣ' ಎನ್ನುವಲ್ಲಿ 'ಹನ' ಎಂದು, 'ಹಳ್ಳಿ' ಎನ್ನುವಲ್ಲಿ 'ಹಲ್ಲಿ' ಎಂದು ಪೆಟ್ಟು ತಿಂದವರು ನಿಮ್ಮಲ್ಲೂ ಇರಬಹುದು. ಆದರೂ ಹತ್ತನೆಯಲ್ಲಿ ಕನ್ನಡದಲ್ಲಿ ಒಳ್ಳೆಯ ಮಾರ್ಕು ಬಂತು. ಆಮೇಲೆ ಮೆಕ್ಯಾನಿಕಲ್ ಡಿಪ್ಲೊಮಾಕ್ಕೆ ಸೇರಿದೆ. ಅಲ್ಲಿ ಎಲ್ಲವೂ ಇಂಗ್ಲಿಷ್.

ಒಂದು ದಿನ ಕ್ಲಾಸಿನಲ್ಲಿ ನನ್ನನ್ನು ನಿಲ್ಲಿಸಿ ಪಾಠ ಓದಲು ಹೇಳಿದರು. ಗಾಳಿಯ ಒತ್ತಡದಿಂದ ಕೆಲಸ ಮಾಡುವ ಯಂತ್ರಗಳ ಪಾಠ. ಮೊದಲ ಪದವೇ 'ನ್ಯೂಮ್ಯಾಟಿಕ್'. ಅದರ ಮುಂದೆ ಒಂದು 'ಪಿ' ಕೂತಿರುತ್ತದೆ. ಬರೆದದ್ದನ್ನೆಲ್ಲ ಓದಬೇಕು ಎಂಬುದು ಕನ್ನಡ ಕಲಿಸಿದ ಪಾಠ. ನಾನು 'ಪ್ನ್ಯೂಮ್ಯಾಟಿಕ್' ಎಂದೆ. ಇಡೀ ಕ್ಲಾಸು ನಕ್ಕಿತು. ಮೂರು ವರ್ಷ ನನ್ನ ಹೆಸರು 'ಪ್ನ್ಯೂ' ಎಂದೇ ಆಯಿತು.

ಆ ವಾರ ಊರಿಗೆ ಬಂದಾಗ ಉಪ್ಪ ಅಂಗಡಿಯಲ್ಲಿ ಸೋಪಿನ ಪುಡಿಯ ಪೆಟ್ಟಿಗೆ ಬಿಚ್ಚುತ್ತಿದ್ದರು. ಮೇಲೆ ಬರೆದದ್ದನ್ನು 'ಡಿ-ಟರ್-ಗೆಂಟ್' ಎಂದು ಓದಿದರು. ಗಿರಾಕಿಗಳ ಎದುರು ನಾನು ನಕ್ಕೆ. ಕ್ಲಾಸಿನಲ್ಲಿ ನಕ್ಕವರ ಹಾಗೆಯೇ, ಅಷ್ಟೇ ಜೋರಾಗಿ. ಅವರೂ ನಕ್ಕರು. ಆದರೆ ಅಂದಿನಿಂದ ನನ್ನ ಎದುರು ಅವರು ಇಂಗ್ಲಿಷ್ ಪದವನ್ನು ದೊಡ್ಡದಾಗಿ ಓದಿದ್ದಿಲ್ಲ. ಬೆರಳಿಟ್ಟು ತೋರಿಸಿ 'ಇದೆಂತ' ಎಂದು ಕೇಳುವುದು ಮಾತ್ರ. ಅಂದು ಆಸ್ಪತ್ರೆಯಲ್ಲೂ ಅದೇ ಬೆರಳು, ಅದೇ ಪ್ರಶ್ನೆ. ಉತ್ತರ ನನ್ನಲ್ಲಿ ಇರಲಿಲ್ಲ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಆ ಕಾಗದವನ್ನು ಊಟದ ಮೇಜಿನ ಮೇಲೆ ಹರಡಿದೆ. ಇಂಗ್ಲಿಷಿನಲ್ಲಿ 27 ಅಕ್ಷರ. ವರ್ಕ್‌ಶಾಪಿನಲ್ಲಿ ಒಂದು ಮಾತು ಕಲಿಸಿದ್ದರು: ಬಿಚ್ಚಲು ಬಾರದ ಗೇರ್‌ಬಾಕ್ಸ್ ಇಲ್ಲ, ಬೋಲ್ಟು ಎಲ್ಲಿದೆ ಎಂದು ನೋಡದೆ ಎಳೆಯುವವರು ಇದ್ದಾರೆ ಅಷ್ಟೆ. ಹಾಗಾದರೆ ಇದರ ಬೋಲ್ಟು ಎಲ್ಲಿ? ಫೋನಿನಲ್ಲಿ ಡಿಕ್ಷನರಿ ತೆರೆದಿಟ್ಟು ಪೆನ್ಸಿಲಿನಿಂದ ಗೆರೆ ಎಳೆಯತೊಡಗಿದೆ.

ಬೋಲ್ಟು ಸಿಕ್ಕಿತು. ಅದು 'ಓ' ಅಕ್ಷರ. ಈಸೊಫಗ್, ಓ. ಗ್ಯಾಸ್ಟ್ರ್, ಓ. ಡ್ಯುಒಡೀನ್, ಓ. ಕೊನೆಗೆ ಸ್ಕೋಪಿ. ನಾಲ್ಕು ಭಾಗ, ನಡುವೆ ಮೂರು ಓ. ಗ್ರೀಕ್ ಮೂಲದ ತುಂಡುಗಳನ್ನು ಜೋಡಿಸುವಾಗ ನಡುವೆ ಈ ಓ ಹಾಕುವುದು ಪದ್ಧತಿಯಂತೆ. ನಾವು ಹೈಸ್ಕೂಲಿನಲ್ಲಿ ಕಲಿತ ಆಗಮಸಂಧಿ ನೆನಪಾಯಿತು. 'ಮನೆ' ಮತ್ತು 'ಅನ್ನು' ಸೇರುವಾಗ ನಡುವೆ ಒಂದು 'ಯ' ಬಂದು 'ಮನೆಯನ್ನು' ಆಗುತ್ತದಲ್ಲ, ಇದೂ ಅದೇ ಜಾತಿಯ ಕೆಲಸ. ಬಾಲದ ತುಂಡು ಸ್ವರದಿಂದಲೇ ಶುರುವಾದರೆ ಓ ಬೇಡ. ಹಾಗಾಗಿಯೇ 'ಗ್ಯಾಸ್ಟ್ರೈಟಿಸ್' ಪದದಲ್ಲಿ ಓ ಇಲ್ಲ.

ಭಾಗಗಳನ್ನು ಬಿಚ್ಚಿಟ್ಟ ಮೇಲೆ ಒಂದೊಂದನ್ನೇ ಒರೆಸಿ ನೋಡಿದೆ.

ಮೊದಲನೆಯದು ಈಸೊಫಗಸ್, ಅಂದರೆ ಅನ್ನನಾಳ. ಗ್ರೀಕಿನಲ್ಲಿ ಒಯ್ಯುವುದು ಮತ್ತು ತಿನ್ನುವುದು ಎಂಬ ಎರಡು ಮಾತು ಸೇರಿ ಆದದ್ದು. ಬ್ರಿಟಿಷರ ಬರವಣಿಗೆಯಲ್ಲಿ ಇದರ ತಲೆಯಲ್ಲಿ ಒಂದು ಓ ಇರುತ್ತದೆ, ಅಮೆರಿಕದವರು ಅದನ್ನು ಬಿಟ್ಟು 26 ಅಕ್ಷರದಲ್ಲೇ ಮುಗಿಸುತ್ತಾರೆ. ಆ ಓ ಇದ್ದರೂ ಉಚ್ಚಾರ 'ಈ' ಎಂದೇ. ಬೆಳಿಗ್ಗೆ ನಾನು ಎಡವಿದ್ದು ಅಲ್ಲಿ.

ಎರಡನೆಯದು ಗ್ಯಾಸ್ಟರ್, ಗ್ರೀಕಿನಲ್ಲಿ ಹೊಟ್ಟೆ, ಇಲ್ಲಿ ಜಠರ. ಇಲ್ಲೊಂದು ತಮಾಷೆ ಉಂಟು. ಗ್ಯಾಸ್ಟ್ರಿಕ್ ಎಂಬ ಪದದಲ್ಲಿ 'ಗ್ಯಾಸ್' ಇರುವುದರಿಂದ ಅದು ವಾಯುವಿನ ಸಂಗತಿ ಎಂದು ನಾವೆಲ್ಲ ತಿಳಿದಿದ್ದೇವೆ. ಎರಡಕ್ಕೂ ಸಂಬಂಧವೇ ಇಲ್ಲ. ಗ್ಯಾಸ್ ಎಂಬ ಪದವನ್ನು 17ನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ 'ಕೇಯಾಸ್' ಎಂಬ ಗ್ರೀಕ್ ಪದದಿಂದ ಮಾಡಿದ್ದು. ಉಪ್ಪ ಇಷ್ಟು ವರ್ಷ ಹೊಟ್ಟೆನೋವಿಗೆ ಹೇಳುತ್ತಿದ್ದದ್ದು ಸಿಲಿಂಡರಿನ ಗ್ಯಾಸಿನ ಹೆಸರು.

ಮೂರನೆಯದು ಡ್ಯುಒಡೀನಮ್. ಜಠರ ಮುಗಿದು ಸಣ್ಣ ಕರುಳು ಶುರುವಾಗುವ ಮೊದಲ ತುಂಡು. ಇದರ ಕಥೆ ಓದುವಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಕ್ರಿಸ್ತಪೂರ್ವ 300ರ ಹೊತ್ತಿಗೆ ಅಲೆಕ್ಸಾಂಡ್ರಿಯಾದಲ್ಲಿ ಹೆರೊಫಿಲಸ್ ಎಂಬ ಗ್ರೀಕ್ ವೈದ್ಯ ಇದ್ದ. ಈ ತುಂಡಿನ ಉದ್ದ ಹನ್ನೆರಡು ಬೆರಳು ಅಗಲದಷ್ಟು ಎಂದು ಅದಕ್ಕೆ 'ಹನ್ನೆರಡು ಬೆರಳು' ಎಂಬ ಅರ್ಥದ ಹೆಸರಿಟ್ಟ. ಅರಬಿಯಲ್ಲಿ ಅದು 'ಇಸ್ನಾ ಅಶರ್' ಆಯಿತು, ಅಂದರೆ ಹನ್ನೆರಡು. ಇಬ್ನ್ ಸೀನಾ ಬರೆದ ಅಲ್ ಕಾನೂನ್ ಎಂಬ ವೈದ್ಯಗ್ರಂಥವನ್ನು 12ನೇ ಶತಮಾನದಲ್ಲಿ ಸ್ಪೇನಿನ ಟೊಲೆಡೊ ನಗರದಲ್ಲಿ ಕೂತು ಕ್ರೆಮೋನಾದ ಜೆರಾರ್ಡ್ ಎಂಬವರು ಲ್ಯಾಟಿನಿಗೆ ತಂದರು. ಡ್ಯುಒಡೀನಮ್ ಎಂಬ ಲ್ಯಾಟಿನ್ ಹೆಸರು ಅವರಿಂದ ಬಂದದ್ದು ಎನ್ನುತ್ತಾರೆ. ಅಂದರೆ ಮಂಗಳೂರಿನ ಆಸ್ಪತ್ರೆಯ ಕಾಗದದ ಮೇಲಿನ ಆ ತುಂಡು ಗ್ರೀಕಿನಿಂದ ಹೊರಟು, ಅರಬಿಯ ಮನೆಯಲ್ಲಿ ತಂಗಿ, ಲ್ಯಾಟಿನಿನ ಬಾಗಿಲು ದಾಟಿ ಬಂದಿದೆ. ಮದ್ರಸದಲ್ಲಿ ಅರಬಿ ಲೆಕ್ಕ ಕಲಿತ ನಮ್ಮ ಮಕ್ಕಳಿಗೆ ಆ ತುಂಡಿನ ಅರ್ಥ ಆಗಲೇ ಗೊತ್ತಿದೆ, ಬೇರೆ ಅಂಗಿ ಹಾಕಿದ್ದರಿಂದ ಗುರುತು ಸಿಗುವುದಿಲ್ಲ ಅಷ್ಟೆ.

ನಾಲ್ಕನೆಯದು ಸ್ಕೋಪಿ. ನೋಡುವುದು. ಟೆಲಿಸ್ಕೋಪ್ ದೂರ ನೋಡುತ್ತದೆ, ಮೈಕ್ರೋಸ್ಕೋಪ್ ಸಣ್ಣದನ್ನು ನೋಡುತ್ತದೆ. ಅಲ್ಲಿಗೆ ಮುಗಿಯಿತು. 27 ಅಕ್ಷರದ ಪದ ಹೇಳುವುದು ಇಷ್ಟೇ: ಅನ್ನನಾಳ, ಜಠರ, ಕರುಳಿನ ಮೊದಲ ತುಂಡು, ಇವನ್ನು ನೋಡುವುದು. ಅದು ರೋಗವೇ ಅಲ್ಲ. ನಾನು ಮೊದಲೇ ಬಾಲ ಹಿಡಿದು ಓದಿದ್ದರೆ ಆಸ್ಪತ್ರೆಯ ಕೌಂಟರಿನ ಎದುರೇ ಉಪ್ಪನಿಗೆ ಹೇಳಬಹುದಿತ್ತು.

ಇದು ನಮಗೆ ಹೊಸತೂ ಅಲ್ಲ. ಕನ್ನಡದಲ್ಲೂ ಬ್ಯಾರಿಯಲ್ಲೂ ಪದದ ಯಜಮಾನ ಕೊನೆಯಲ್ಲೇ ಕೂರುತ್ತಾನೆ. ಅರಮನೆ ಅಂದರೆ ಒಂದು ಮನೆ. ಮಾವಿನಕಾಯಿ ಅಂದರೆ ಒಂದು ಕಾಯಿ. ಮುಂದೆ ಇರುವುದು ವಿವರ, ಹಿಂದೆ ಇರುವುದು ವಸ್ತು. ಡಾಕ್ಟರುಗಳ ಉದ್ದ ಪದಗಳೂ ಹಾಗೆಯೇ. 'ಐಟಿಸ್' ಎಂದು ಮುಗಿದರೆ ಉರಿಯೂತ. 'ಎಕ್ಟಮಿ' ಎಂದು ಮುಗಿದರೆ ಕತ್ತರಿಸಿ ತೆಗೆಯುವುದು. ಟಾನ್ಸಿಲೈಟಿಸ್ ರೋಗ, ಟಾನ್ಸಿಲೆಕ್ಟಮಿ ಆಪರೇಷನ್. ತಲೆ ಒಂದೇ, ಬಾಲ ಬೇರೆ. 'ಗ್ರಾಮ್' ಎಂದರೆ ದಾಖಲೆ ಅಥವಾ ಚಿತ್ರ. ಇಸಿಜಿಯ ಕೊನೆಯ 'ಜಿ' ಅದೇ. 'ಓಮ' ಎಂದರೆ ಗಡ್ಡೆ ಅಥವಾ ಊತ, ಆದರೆ ಓಮ ಎಂದ ಕೂಡಲೇ ಹೆದರಬೇಡಿ. ಲೈಪೋಮ ಬರೀ ಕೊಬ್ಬಿನ ಗಡ್ಡೆ, ಹೆಮಟೋಮ ರಕ್ತ ಒಂದು ಕಡೆ ಸೇರಿ ಆದ ಊತ. ಬಾಲ ಹಿಡಿದು ಓದಿದ ಮೇಲೂ ಡಾಕ್ಟರನ್ನು ಕೇಳಬೇಕು. ಆದರೆ ಏನು ಕೇಳಬೇಕು ಎಂದು ಗೊತ್ತಿರುತ್ತದೆ.

ಅರ್ಥವಾಯಿತು. ಇನ್ನು ಹೇಳುವುದು ಹೇಗೆ? ಅರ್ಥದ ತುಂಡು ಬೇರೆ, ಉಚ್ಚಾರದ ತುಂಡು ಬೇರೆ ಎಂದು ಆಗ ತಿಳಿಯಿತು. ಹೆಲಿಕಾಪ್ಟರನ್ನೇ ನೋಡಿ. ನಾವು ಹೇಳುವುದು ಹೆ-ಲಿ-ಕಾಪ್-ಟರ್. ಆದರೆ ಪದ ಕಟ್ಟಿದ್ದು 'ಹೆಲಿಕೊ' ಮತ್ತು 'ಪ್ಟರ್' ಸೇರಿಸಿ. ಹೆಲಿಕೊ ಎಂದರೆ ಸುರುಳಿ, ಪ್ಟರ್ ಎಂದರೆ ರೆಕ್ಕೆ. ಇಬ್ಬರ ಜಗಲಿಯ ಗಡಿ ಒಂದೇ ಕಡೆ ಇಲ್ಲ. ನನ್ನ ಪದದಲ್ಲೂ ಹಾಗೆ. ಅರ್ಥಕ್ಕೆ 'ಸ್ಕೋಪಿ' ಒಂದು ತುಂಡು. ನಾಲಿಗೆಗೆ ಮಾತ್ರ ಅದರ ಸ್ ಹಿಂದಿನ 'ನೊ' ಜೊತೆ ಹೋಗಿ 'ನಾಸ್-ಕ-ಪಿ' ಆಗುತ್ತದೆ.

ನಾನು ಇಡೀ ಪದವನ್ನು ಕನ್ನಡದಲ್ಲಿ ಬರೆದೆ: ಈಸೊಫಗೊಗ್ಯಾಸ್ಟ್ರೊಡ್ಯುಒಡಿನೊಸ್ಕೊಪಿ. ಇಂಗ್ಲಿಷಿನ 27 ಅಕ್ಷರ ಕನ್ನಡದಲ್ಲಿ 12 ಆಗಿ ಕೂತಿತು. ಕನ್ನಡದ ಒಂದು ಅಕ್ಷರ ಎಂದರೆ ಹೆಚ್ಚುಕಡಿಮೆ ಬಾಯಿಯ ಒಂದು ಉಸಿರು. ಇಂಗ್ಲಿಷಿನವರು ಡಿಕ್ಷನರಿಯಲ್ಲಿ ಗೆರೆ ಎಳೆದು ತೋರಿಸಬೇಕಾದದ್ದನ್ನು ನಮ್ಮ ಲಿಪಿ ಬರೆಯುವಾಗಲೇ ಮಾಡಿ ಮುಗಿಸುತ್ತದೆ. ಇಂಗ್ಲಿಷಿನ ಲೆಕ್ಕದಲ್ಲೂ ಅದು 12 ಉಸಿರೇ: ಈ-ಸಾಫ್-ಅ-ಗೊ-ಗ್ಯಾಸ್-ಟ್ರೊ-ಡ್ಯು-ಒ-ಡಿ-ನಾಸ್-ಕ-ಪಿ.

ಇದರಲ್ಲಿ ಎಲ್ಲಕ್ಕಿಂತ ಹೆಚ್ಚು ಒತ್ತು ಬೀಳುವುದು 'ನಾಸ್' ಮೇಲೆ, ಕೊನೆಯಿಂದ ಮೂರನೆಯದರ ಮೇಲೆ. ಸ್ಕೋಪಿ, ಗ್ರಾಫಿ, ಲಾಜಿ, ಮೆಟ್ರಿ ಎಂದು ಮುಗಿಯುವ ಪದಗಳಿಗೆಲ್ಲ ಇದೇ ಚಾಳಿ. ಫೋಟೋಗ್ರಾಫ್ ಎನ್ನುವಾಗ ಇಂಗ್ಲಿಷಿನವರ ಒತ್ತು 'ಫೋ' ಮೇಲೆ. ಫೋಟೋಗ್ರಾಫಿ ಎನ್ನುವಾಗ ಅದು ಜಾರಿ 'ಟಾ' ಮೇಲೆ ಕೂರುತ್ತದೆ: ಫ-ಟಾ-ಗ್ರ-ಫಿ. ನಾವು ಕನ್ನಡದವರು ಒತ್ತು ಹಾಕುವುದಿಲ್ಲ, ಉದ್ದ ಮಾಡುತ್ತೇವೆ. ಹಾಗಾಗಿ ಎಂಡೋಸ್ಕೋಪಿಯಲ್ಲಿ 'ಸ್ಕೋ' ಎಳೆಯುತ್ತೇವೆ. ಅವರು 'ಎನ್-ಡಾಸ್-ಕ-ಪಿ' ಎಂದು 'ಡಾಸ್' ಒತ್ತಿ 'ಕ' ನುಂಗುತ್ತಾರೆ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಒಂಬತ್ತನೆಯಲ್ಲಿ ಛಂದಸ್ಸು ಕಲಿಸಿದ್ದು ನೆನಪಾಯಿತು. 'ಸ್ಕೊ' ಹಿಂದಿನ 'ನೊ' ಗುರು. ಇಂಗ್ಲಿಷಿನ ಒತ್ತೂ ಅಲ್ಲೇ. ಎಲ್ಲ ಕಡೆ ಹೀಗೆ ಹೊಂದುವುದಿಲ್ಲ, ಇಲ್ಲಿ ಹೊಂದಿತು. ನಮ್ಮ ಸ್ಕೋಪಿಯಲ್ಲೂ ತಪ್ಪಿಲ್ಲ. ಹೇಳಿದ್ದು ಎದುರಿನವರಿಗೆ ಗೊತ್ತಾದರೆ ಸಾಕು.

ಅದೇ ಗುಂಗಿನಲ್ಲಿ ನನ್ನ ಹಳೆಯ ಶತ್ರು 'ನ್ಯೂಮ್ಯಾಟಿಕ್' ಪದವನ್ನೂ ಹುಡುಕಿದೆ. ಗ್ರೀಕಿನಲ್ಲಿ 'ಪ್ನ್ಯೂಮ' ಎಂದರೆ ಗಾಳಿ, ಉಸಿರು. ಅಲ್ಲಿ ಪಿ ಬಾಯಿಬಿಟ್ಟು ಹೇಳುವ ಅಕ್ಷರವೇ. ಜರ್ಮನ್ನರು ಇಂದಿಗೂ ಹೇಳುತ್ತಾರೆ. ಇಂಗ್ಲಿಷಿನವರು ಮಾತ್ರ ಬರೆದು ಬಿಟ್ಟುಬಿಡುತ್ತಾರೆ. ಹದಿನೆಂಟರ ವಯಸ್ಸಿನಲ್ಲಿ ಇದು ಗೊತ್ತಿದ್ದರೆ ಏನಾದರೂ ಆಗುತ್ತಿತ್ತೋ ಗೊತ್ತಿಲ್ಲ. ಉಪ್ಪನ 'ಡಿಟರ್ಗೆಂಟ್' ನೋಡಿ ನಗುತ್ತಿರಲಿಲ್ಲವೇನೋ. 'ಗೆಟ್' ಎನ್ನುವಾಗ ಗ ಆಗುವ ಅಕ್ಷರ ಅಲ್ಲಿ ಯಾಕೆ ಜ ಆಗಬೇಕು ಎಂದು ಕೇಳುವ ಹಕ್ಕು ಅವರಿಗಿತ್ತು.

ಬೆಳಿಗ್ಗೆ ಐದಕ್ಕೆ ಉಪ್ಪ ಸುಬಹಿ ಮುಗಿಸಿ ಜಗಲಿಯಲ್ಲಿ ಕೂತಿದ್ದರು. ನಾನು ಕಾಗದ ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಕೂತೆ. 'ಉಪ್ಪಾ, ಇದು ರೋಗ ಅಲ್ಲ. ಇದರ ಕೊನೆಯ ತುಂಡು ನೋಡಿ, ಸ್ಕೋಪಿ. ಅಂದರೆ ನೋಡುವುದು. ಬರೀ ನೋಡುವುದು.' ಮತ್ತೆ ಒಂದೊಂದೇ ತುಂಡು ಹೇಳಿದೆ. ಇಸ್ನಾ ಅಶರ್ ಎಂದಾಗ ಅವರು ತಲೆ ಎತ್ತಿದರು. 'ಹನ್ನೆರಡು ಬೆರಳಾ? ಹಾಗಾದರೆ ಒಂದು ಗೇಣು' ಎಂದರು. ಹಳೆಯ ಅಳತೆಯಲ್ಲಿ ಹನ್ನೆರಡು ಅಂಗುಲಕ್ಕೆ ಒಂದು ಗೇಣು, ಎರಡು ಗೇಣಿಗೆ ಒಂದು ಮೊಳ. ಅಂಗಡಿಯಲ್ಲಿ ಹಗ್ಗ ಅಳೆದು ಕೊಟ್ಟ ಕೈ ಅದು. ತನ್ನ ಹೊಟ್ಟೆಯ ಮೇಲೆ ಗೇಣು ಹಾಕಿ ನೋಡಿ, 'ಗೇಣುದ್ದ ಹೊಟ್ಟೆಗೆ ದುಡಿಯುವುದು ಅಂತ ಹೇಳುತ್ತಾರಲ್ಲ, ಅದು ಇದೇಯಾ' ಎಂದು ನಕ್ಕರು. ಹಿಂದಿನ ದಿನದಿಂದ ಅದು ಮೊದಲ ನಗು.

ಆಸ್ಪತ್ರೆಯಲ್ಲಿ ಗಂಟಲಿಗೆ ಮರಗಟ್ಟುವ ಮದ್ದು ಸಿಂಪಡಿಸಿ, ಕಿರುಬೆರಳಿನ ದಪ್ಪದ ಕ್ಯಾಮರಾ ಕೊಳವೆ ಇಳಿಸಿದರು. ಸ್ವಲ್ಪ ಹೊತ್ತಿನಲ್ಲಿ ಎಲ್ಲ ಮುಗಿಯಿತು. ಹೊರಗೆ ನಾನು ಡಾಕ್ಟರ ಹತ್ತಿರ ಆ ಪದವನ್ನು ಪೂರ್ತಿ, ಒತ್ತು ಹಾಕಿ, ತಪ್ಪಿಲ್ಲದೆ ಹೇಳಿ 'ಅದರಲ್ಲಿ ಏನು ಕಂಡಿತು?' ಎಂದು ಕೇಳಿದೆ. ಅವರು ಒಂದು ಕ್ಷಣ ನನ್ನನ್ನು ನೋಡಿ, 'ಒಜಿಡಿ ಅಂದರೆ ಸಾಕು' ಎಂದರು. ರಾತ್ರಿಯ ನನ್ನ ಶ್ರಮಕ್ಕೆ ಸಿಕ್ಕ ಸಂಬಳ ಅಷ್ಟೆ.

ಕಂಡದ್ದು ಆ ಹನ್ನೆರಡು ಬೆರಳಿನ ತುಂಡಿನ ಶುರುವಿನಲ್ಲೇ ಒಂದು ಹುಣ್ಣು. ಮೊಣಕಾಲು ನೋವಿಗೆ ಕೇಳದೆ ನುಂಗುತ್ತಿದ್ದ ಗುಳಿಗೆಗಳು ಒಂದು ಕಾರಣ ಇರಬಹುದು ಎಂದರು. ಜಠರದಿಂದ ಚೂರು ತೆಗೆದು ಮಾಡಿದ ಪರೀಕ್ಷೆಯಲ್ಲಿ ಒಂದು ಬ್ಯಾಕ್ಟೀರಿಯವೂ ಸಿಕ್ಕಿತು. ಕ್ಯಾನ್ಸರ್ ಇಲ್ಲ. 14 ದಿನ ಮದ್ದು. ಉಪ್ಪ 'ಅಲ್ಹಮ್ದುಲಿಲ್ಲಾಹ್' ಎಂದು ಬೆಂಚಿನ ಮೇಲೆ ಒರಗಿದರು.

ರಿಪೋರ್ಟಿನಲ್ಲಿ ಮತ್ತೊಂದು ಉದ್ದ ಹೆಸರು: ಹೆಲಿಕೊಬ್ಯಾಕ್ಟರ್ ಪೈಲೊರಿ. ಹೊಟ್ಟೆಹುಣ್ಣಿಗೆ ಈ ರೋಗಾಣು ಕಾರಣ ಎಂದು ತೋರಿಸಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಅದನ್ನು ಸಾಧಿಸಲು ಮಾರ್ಷಲ್ ಆ ರೋಗಾಣು ಬೆಳೆಸಿದ ದ್ರವವನ್ನು ತಾವೇ ಕುಡಿದಿದ್ದರು. 'ಬ್ಯಾರಿಯಾ?' ಎಂದು ಉಪ್ಪ ಕೇಳಿದರು. ನಮ್ಮವರಲ್ಲ, ಆಸ್ಟ್ರೇಲಿಯಾದವರು ಎಂದೆ. ಈ ಸಲ ಪದ ಬಿಚ್ಚಿದ್ದು ಇಬ್ಬರೂ ಸೇರಿ. ಹೆಲಿಕೊ ನನಗೆ ಗೊತ್ತಿದ್ದದ್ದೇ, ಹೆಲಿಕಲ್ ಗೇರಿನ ಸುರುಳಿ. ಬ್ಯಾಕ್ಟರ್ ಎಂದರೆ ಕೋಲು. ಪೈಲೊರಸ್ ಎಂದರೆ ಗ್ರೀಕಿನಲ್ಲಿ ಬಾಗಿಲು ಕಾಯುವವನು, ಜಠರದಿಂದ ಕರುಳಿಗೆ ಹೋಗುವ ಬಾಗಿಲಿನ ಹೆಸರು. ಉಪ್ಪ ಯೋಚಿಸಿ ಹೇಳಿದರು: 'ಗೇಟಿನ ಹತ್ತಿರ ಇರುವ ಸ್ಕ್ರೂ ಹಾಗಿನ ಹುಳ.' ನಾನು ಇದಕ್ಕಿಂತ ಒಳ್ಳೆಯ ಅನುವಾದ ನೋಡಿಲ್ಲ.

ಸಂಜೆ ಬಸ್ಸಿನಲ್ಲಿ ಉಪ್ಪ ಕಿಟಕಿಯ ಪಕ್ಕ ಕೂತಿದ್ದರು. ತಲಪಾಡಿ ದಾಟಿದ ಮೇಲೆ ನೋಡಿದೆ, ತುಟಿ ಅಲ್ಲಾಡುತ್ತಿದೆ, ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಒಂದೊಂದಾಗಿ ಸರಿಯುತ್ತಿದೆ. ನಮಾಜಿನ ನಂತರ ತಸ್ಬೀಹ್ ಎಣಿಸುವ ಹಾಗೆಯೇ. ತಸ್ಬೀಹ್ ಎಂದೇ ಎಣಿಸಿದೆ. ಕಿವಿಗೊಟ್ಟಾಗ ಗೊತ್ತಾಯಿತು.

'ಈ... ಸೊ... ಫ... ಗೊ...'

ನಾಲ್ಕು ಬೆರಳು, ಬೆರಳಿಗೆ ಮೂರು ಗೆಣ್ಣು. ಒಂದು ಕೈಗೆ ಹನ್ನೆರಡು. 'ಪಿ' ಎಂದು ಹೇಳುವಾಗ ಹೆಬ್ಬೆರಳು ಕಿರುಬೆರಳಿನ ಕೊನೆಯ ಗೆಣ್ಣಿಗೆ ಸರಿಯಾಗಿ ಬಂದು ನಿಂತಿತು. ಹದಿನೈದು ವರ್ಷದ ನಂತರ ಉಪ್ಪ ನನ್ನ ಎದುರು ಒಂದು ಇಂಗ್ಲಿಷ್ ಪದವನ್ನು ಬಾಯಿಬಿಟ್ಟು ಓದಿದ್ದರು. ಒತ್ತು ಬೀಳಬೇಕಾದಲ್ಲಿ ಬಿದ್ದಿರಲಿಲ್ಲ. ನಾನು ತಿದ್ದಲಿಲ್ಲ.

'ಸರಿ ಉಂಟಾ?' ಎಂದು ಕೇಳಿದರು.

'ಸರಿ ಉಂಟು ಉಪ್ಪಾ' ಎಂದೆ. 'ಇನ್ನೊಮ್ಮೆ ಹೇಳಿ.'